ಬಲಮೂಲೆಯ ಚುಕ್ಕೆ

ಗ್ರಂಥಾಲಯದ ಮಹಡಿಯ ಹಾಲ್‌ನಲ್ಲಿ ಫೋಟೊ ಪ್ರದರ್ಶನ. ಬಾಗಿಲು ದಾಟಿದ ಕೂಡಲೇ ಎದುರು ಗೋಡೆಯ ನಟ್ಟನಡುವೆ ಕಿರಿಸೊಸೆ ತೆಗೆದ ಚಿತ್ರ ತೂಗುತ್ತಿತ್ತು. ಹಿರಿಸೊಸೆಯದು ಪಕ್ಕದ ಗೋಡೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ನೆತ್ತಿಯ ಮೇಲೆ.

ಇಬ್ಬರೂ ಒಬ್ಬರೇ ಅತ್ತೆಯ ಸೊಸೆಯರು. ಅಣ್ಣನ ಹೆಂಡತಿ ಹಿರಿಸೊಸೆ, ತಮ್ಮನ ಹೆಂಡತಿ ಕಿರಿಸೊಸೆ. ಮನೆ ಬೇರೆಯಾದರೂ ಬೀದಿ ಒಂದೇ. ಆ ಮನೆತನದಲ್ಲಿ ಕ್ಯಾಮೆರಾ ಹುಚ್ಚು ಮೊದಲು ಹತ್ತಿದ್ದು ಹಿರಿಸೊಸೆಗೆ. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಾಜು ಒರೆಸಬೇಕು, ಬೆಳಕಿಗೆ ಹಿಡಿದು ನೋಡಬೇಕು, ಬೇರೆಯವರ ಕಣ್ಣಿಗೆ ಬೀಳದ ಧೂಳು ಅವಳ ಕಣ್ಣಿಗೆ ಬೀಳಬೇಕು. ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ ಯಾರೋ ಬಳಸಿ ಬಿಟ್ಟ ಒಂದು ಕ್ಯಾಮೆರಾ ಕೊಂಡಿದ್ದಳು. ಹಿಡಿಯ ರಬ್ಬರು ಅವಳ ಬೆರಳಿನ ಅಚ್ಚಿಗೆ ಸವೆದಿತ್ತು. ಶೂ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಚೀಲಗಳನ್ನೆಲ್ಲ ಕೂಡಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಅವುಗಳ ನಡುವೆ ಅದನ್ನು ಮಲಗಿಸುತ್ತಿದ್ದಳು. "ನನ್ನ ಮಗನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ರೆ ಅವನು ಇನ್ನೂ ಎರಡಿಂಚು ಬೆಳೀತಿದ್ದ" ಎಂದು ಅತ್ತೆ ಕುಟುಕುತ್ತಿದ್ದರು.

ಆ ಕ್ಯಾಮೆರಾಕ್ಕೆ ಒಂದೇ ಒಂದು ಊನ. ಒಳಗೆ ಬೆಳಕು ಹಿಡಿಯುವ ಸೆನ್ಸರಿನ ಮೇಲೆ ಯಾವತ್ತೋ ಒಂದು ಧೂಳಿನ ಕಣ ಕೂತುಬಿಟ್ಟಿತ್ತು. ಏನೇ ತೆಗೆದರೂ ಚಿತ್ರದ ಬಲಗಡೆ ಮೇಲಿನ ಮೂಲೆಯಲ್ಲಿ ಅಕ್ಕಿನುಚ್ಚಿನಷ್ಟು ಬೂದು ಚುಕ್ಕೆ, ಅದಕ್ಕೊಂದು ಎಳೆಯಂಥ ಬಾಲ. ರಿಪೇರಿಗೆ ಕೊಟ್ಟು ವಾರಗಟ್ಟಲೆ ಬಿಟ್ಟಿರಲು ಮನಸ್ಸಾಗದೆ, ಪ್ರತಿ ಸಲವೂ ಕಂಪ್ಯೂಟರಿನಲ್ಲಿ ಅದನ್ನು ಅಳಿಸುತ್ತಿದ್ದಳು. ಮಗಳ ಕೆನ್ನೆಯ ಮಚ್ಚೆಯಷ್ಟೇ ಆ ಚುಕ್ಕೆಯೂ ಅವಳಿಗೆ ಪರಿಚಿತ.

ಹೀಗಿರುವಾಗ ಕಿರಿಸೊಸೆಗೂ ಹುಚ್ಚು ಹತ್ತಿತು. ಹತ್ತಿದ್ದೇ ತಡ, ಅವಳ ಗಂಡ ಹೊಸ ಕ್ಯಾಮೆರಾ ತಂದುಕೊಟ್ಟ. ಜೊತೆಗೆ ತೋಳುದ್ದದ ಬಿಳೀ ಲೆನ್ಸು. ಹಕ್ಕಿಯ ಕಣ್ಣು ಎಲ್ಲಿದೆಯೆಂದು ಕ್ಯಾಮೆರಾವೇ ಹುಡುಕಿ ಹಿಡಿಯುತ್ತದಂತೆ! ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡ ದಿನ ಹಿರಿಸೊಸೆ ಲೆನ್ಸಿನ ಉಂಗುರವನ್ನು ಮೆಲ್ಲಗೆ ತಿರುಗಿಸಿದಳು. ಬೆಣ್ಣೆಯಲ್ಲಿ ಬೆರಳಾಡಿಸಿದಂತಾಯಿತು. "ಚೆನ್ನಾಗಿದೆ" ಎಂದು ವಾಪಸು ಕೊಟ್ಟಳು. ಮನೆಗೆ ಬಂದು ಒಗೆದಿದ್ದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದಳು.

"ಆ ಲೆನ್ಸ್ ನನ್ನ ಹತ್ರ ಇದ್ದಿದ್ರೆ..." ಎನ್ನುವುದು ಅಂದಿನಿಂದ ಅವಳ ಬಾಯಿಪಾಠವಾಯಿತು.

"ಅದನ್ನ ಕೊಂಡ್ರೆ ನಾವು ಅದರೊಳಗೇ ಸಂಸಾರ ಮಾಡ್ಬೇಕಾಗತ್ತೆ ಕಣೇ" ಎನ್ನುತ್ತಿದ್ದ ಗಂಡ.

ಅತ್ತೆ ಮಾತ್ರ ಗಾದೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. "ಕುಣೀಲಾರದೋಳು ಅಂಗಳ ಡೊಂಕು ಅಂದಳಂತೆ."

ಅಂಗಳ ನಿಜವಾಗಿಯೂ ಡೊಂಕೇ ಎಂದು ಹಿರಿಸೊಸೆ ನಂಬಿದ್ದಳು. ಆ ನಂಬಿಕೆಯ ಬಲದ ಮೇಲೆ ಅವಳ ದಿನ ಸಾಗುತ್ತಿತ್ತು. ತನಗಿರುವುದು ಕಣ್ಣು, ಅವಳಿಗಿರುವುದು ಲೆನ್ಸು. ಅಷ್ಟೇ ವ್ಯತ್ಯಾಸ.

ಈಗ ಗೋಡೆಯ ನಡುವೆ ತೂಗುತ್ತಿದ್ದುದು ಗುಳುಮುಳುಕ ಹಕ್ಕಿಯ ಚಿತ್ರ. ಇಗೋ ಇದೆ ಎನ್ನುವಷ್ಟರಲ್ಲಿ ನೀರಲ್ಲಿ ಮುಳುಗಿ, ಇನ್ನೆಲ್ಲೋ ಏಳುವ ಕೊಳದ ಹಕ್ಕಿ ಅದು. ಮರಿ ಪುಟ್ಟದಾಗಿರುವಾಗ ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತದೆ. ಅದೊಂದು ಚಿತ್ರಕ್ಕಾಗಿ ಹಿರಿಸೊಸೆ ಕಾರ್ಖಾನೆಯ ಹಿಂದಿನ ಕೊಳದ ದಂಡೆಯಲ್ಲಿ ಮಡಚುವ ಸ್ಟೂಲು ಹಾಕಿಕೊಂಡು ಎಷ್ಟು ಭಾನುವಾರ ಕಾದಿದ್ದಳೋ. ಸಿಕ್ಕಿದ್ದು ಮಾತ್ರ ಕಿರಿಸೊಸೆಗೆ. ತಾಯಿಯ ರೆಕ್ಕೆಯ ಸಂದಿಯಿಂದ ಮರಿ ಕತ್ತು ಚಾಚಿತ್ತು, ತಾಯಿಯ ಕೊಕ್ಕಿನಲ್ಲಿ ಒಂದು ಪುಟ್ಟ ಮೀನು, ಎರಡರ ಕಣ್ಣೂ ನೋಡುವವರ ಕಣ್ಣಿನ ಮಟ್ಟಕ್ಕೇ. ನೀರು ಆಕಾಶವಾಗಿತ್ತು.

ಹಿರಿಸೊಸೆಯ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು.

"ಎಂಥಾ ಚಿತ್ರಾಮ್ಮ ನಿಮ್ಮ ವಾರಗಿತ್ತಿದು!" ಎಂದರು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು. ಫೋಟೊ ಸಂಘಕ್ಕೆ ಅವರೇ ಕಾರ್ಯದರ್ಶಿ.

"ಆ ಬಿಳೀ ಲೆನ್ಸ್ ಇದ್ರೆ ಯಾರು ಬೇಕಾದ್ರೂ ತೆಗೀಬೋದು ಡಾಕ್ಟ್ರೇ. ಕಣ್ಣು ಮುಚ್ಕೊಂಡು ಒತ್ತಿದ್ರೂ ಬರತ್ತೆ."

ಹೇಳುತ್ತ ಹೇಳುತ್ತಲೇ ಅವಳ ಕಣ್ಣು ಅಂಗಡಿಯ ಅಭ್ಯಾಸದಂತೆ ಚಿತ್ರದ ಮೂಲೆಯಿಂದ ಮೂಲೆಗೆ ಧೂಳು ಹುಡುಕುತ್ತ ಹೋಯಿತು. ಬಲಗಡೆ ಮೇಲೆ ನಿಂತುಬಿಟ್ಟಿತು. ಅಕ್ಕಿನುಚ್ಚಿನಷ್ಟು ಬೂದು ಚುಕ್ಕೆ, ಎಳೆಯಂಥ ಬಾಲ.

ಹತ್ತಿರ ಹೋದಳು. ಬೆರಳಿಂದ ಒರೆಸಿದಳು. ಹೋಗಲಿಲ್ಲ.

ತನ್ನ ಕ್ಯಾಮೆರಾ! ತಾನು ತೆಗೆದು, ತನಗೇ ತಿಳಿಯದೆ ಯಾವುದೋ ಮೂಲೆಯಲ್ಲಿ ಬಿದ್ದಿದ್ದ ಚಿತ್ರವನ್ನು ಇವಳು ಎತ್ತಿಕೊಂಡಿದ್ದಾಳೆ! ಹಾಲು ಉಕ್ಕಿದಂತೆ ಅವಳಲ್ಲಿ ಉಕ್ಕಿದ್ದು ಸಿಟ್ಟಲ್ಲ, ಸಂತೋಷ. ಸಿಕ್ಕಿಬಿದ್ದಳು ಕಳ್ಳಿ.

"ಇಲ್ಲಿ ಬಾರೇ" ಎಂದು ಕರೆದಳು. ನಾಲ್ಕು ಜನ ತಿರುಗಿ ನೋಡುವಷ್ಟು ಜೋರಾಗಿತ್ತು ದನಿ. ಚಹಾದ ಲೋಟ ಹಿಡಿದೇ ಕಿರಿಸೊಸೆ ಬಂದಳು. "ಇದು ನನ್ನ ಕ್ಯಾಮೆರಾದಲ್ಲಿ ತೆಗೆದಿದ್ದು. ಹೌದೋ ಅಲ್ವೋ, ಡಾಕ್ಟ್ರ ಮುಂದೆ ಹೇಳು."

"ಹೌದು ಅಕ್ಕಾ!" ಅವಳ ಮುಖ ಅರಳಿತು. "ಹೇಗೆ ಗೊತ್ತಾಯ್ತು ನಿಮ್ಗೆ? ನನ್ನ ಲೆನ್ಸು ಕೆಟ್ಟು ಸರ್ವೀಸಿಗೆ ಹೋಗಿತ್ತಲ್ಲ, ಆ ಭಾನುವಾರ ನಿಮ್ಮದು ತಗೊಂಡು, ನನ್ನ ಕಾರ್ಡ್ ಹಾಕ್ಕೊಂಡು ಹೋಗಿದ್ನಲ್ಲ. ಆವತ್ತಿಂದೇ ಇದು."

ಹಿರಿಸೊಸೆಗೆ ಎಲ್ಲ ನೆನಪಾಯಿತು. ಅತ್ತೆ ಎಲ್ಲರೆದುರು "ಕೊಡೇ, ತಿಂದುಬಿಡ್ತಾಳಾ?" ಎಂದದ್ದು, ತಾನು ಹಲ್ಲುಕಚ್ಚಿ ಡಬ್ಬಿ ತೆರೆದದ್ದು. ಸಂಜೆ ಕ್ಯಾಮೆರಾ ವಾಪಸು ಬಂದಾಗ ಅದರ ಅಡಿಗೆಲ್ಲ ಒಣಗಿದ ಕೆಸರು. ಅದಕ್ಕಾಗಿ ಒಂದು ತಿಂಗಳು ಕೂತಲ್ಲಿ ನಿಂತಲ್ಲಿ ಬೈದಿದ್ದಳು. ಏನು ಸಿಕ್ಕಿತು ಎಂದು ಮಾತ್ರ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂಬ ಭಯ.

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ತೀರಿ ಅಂತ ಕಾದೆ ಅಕ್ಕಾ. ನೀವು ಮಣ್ಣಿಗೆ ಬೈದ್ರಿ. ಆಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ."

"ಆ ಮೂಲೇಲಿ ಚುಕ್ಕೆ ಇದೆಯಲ್ಲ. ಅಳಿಸೋದು ತಾನೇ?"

ಕಿರಿಸೊಸೆ ಕಣ್ಣು ಕಿರಿದು ಮಾಡಿ ಹುಡುಕಿದಳು. "ಎಲ್ಲಿ? ಅಯ್ಯೋ, ಹೌದಲ್ಲ! ನಂಗೆ ಇಷ್ಟು ದಿನ ಕಾಣಿಸ್ಲೇ ಇಲ್ಲ ನೋಡಿ. ಮರೀನೇ ನೋಡ್ತಾ ಇದ್ದೆ."

ಹಲ್ಲಿನ ಡಾಕ್ಟರು ಒಮ್ಮೆ ಚಿತ್ರವನ್ನೂ ಒಮ್ಮೆ ಹಿರಿಸೊಸೆಯನ್ನೂ ನೋಡಿದರು. "ಹಾಗಾದ್ರೆ ಬಿಳೀ ಲೆನ್ಸ್ ಇಲ್ದೇನೂ ಬರತ್ತೆ ಅನ್ನಿ" ಎಂದರು. ಅವರ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಆದರೆ ನೋವು ಮಾಡದೆ ಹಲ್ಲು ಕೀಳುವುದು ಅವರ ಕಸುಬಲ್ಲವೆ?

ಆ ವಾರವೆಲ್ಲ ಹಿರಿಸೊಸೆಗೆ ಊಟ ರುಚಿಸಲಿಲ್ಲ. ಲೆನ್ಸಿನ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಒಂದು ಸುಖವಿತ್ತು, ಬೇಕಾದರೆ ಇವತ್ತಲ್ಲ ನಾಳೆ ಕೊಂಡೇವು ಎನ್ನಬಹುದಿತ್ತು. ಇದು ಅಂಗಡಿಯಲ್ಲಿ ಸಿಗುವಂಥದಲ್ಲ. ತನ್ನದೇ ಕ್ಯಾಮೆರಾ, ತನ್ನದೇ ಕೊಳ, ತನ್ನದೇ ಧೂಳು. ಇಷ್ಟು ವರ್ಷ ತನ್ನ ಕೈಗೆ ಕೊಡದ್ದನ್ನು ಅವಳಿಗೆ ಒಂದೇ ದಿನಕ್ಕೆ ಕೊಟ್ಟುಬಿಟ್ಟಿತಲ್ಲ ಎಂದು ಕ್ಯಾಮೆರಾದ ಮೇಲೂ ಮುನಿಸು. ಡಬ್ಬಿ ತೆರೆಯಲೇ ಇಲ್ಲ.

ಭಾನುವಾರ ಬೆಳಗ್ಗೆ ಕಿರಿಸೊಸೆ ಬಾಗಿಲಿಗೆ ಬಂದಳು. "ಅಕ್ಕಾ, ಕೊಳಕ್ಕೆ ಬನ್ನಿ. ಇವತ್ತು ನೀವು ನಂದು ಹಿಡ್ಕೊಳ್ಳಿ, ನಾನು ನಿಮ್ದು."

ಬೇಡ ಎನ್ನಲು ಬಾಯಿ ತೆರೆದವಳು ಬಿಳೀ ಲೆನ್ಸನ್ನು ನೋಡಿ ಮುಚ್ಚಿದಳು.

ದಂಡೆಯಲ್ಲಿ ಸ್ಟೂಲು ಬಿಡಿಸಿ ಕೂತಳು. ಮರಿಗಳು ತಾಯಿಯ ಬೆನ್ನು ಬಿಟ್ಟು ತಾವೇ ಈಜುವಷ್ಟು ಬೆಳೆದಿದ್ದವು. ಕೇಳಿದ್ದಂತೆಯೇ ಕ್ಯಾಮೆರಾ ಹಕ್ಕಿಯ ಕಣ್ಣು ಹುಡುಕಿ ಹಿಡಿಯಿತು. ಒತ್ತಿದಳು, ಮತ್ತೆ ಒತ್ತಿದಳು. ತೆರೆಯ ಮೇಲೆ ನೋಡಿದರೆ ಒಂದೊಂದು ಗರಿಯನ್ನೂ ಬಿಡಿಬಿಡಿಯಾಗಿ ಎಣಿಸಬಹುದು, ಒಂದು ಚುಕ್ಕೆಯಿಲ್ಲ, ಧೂಳಿಲ್ಲ. ಆದರೂ ತಟ್ಟೆಯಲ್ಲಿಟ್ಟ ಹಕ್ಕಿಯನ್ನು ಮೇಲಿಂದ ನೋಡಿದ ಹಾಗಿತ್ತು.

ಕಿರಿಸೊಸೆ ಎಲ್ಲಿ ಎಂದು ತಿರುಗಿದಳು. ಅವಳು ನೀರಿನಂಚಿನ ಕೆಸರಿನಲ್ಲಿ ಬೋರಲು ಮಲಗಿದ್ದಳು. ಹಳೆಯ ಕ್ಯಾಮೆರಾದ ತಳ ಮಣ್ಣಿಗೆ ತಾಗಿತ್ತು, ಅವಳ ಕೆನ್ನೆಯೂ ಹೆಚ್ಚುಕಮ್ಮಿ ತಾಗಿತ್ತು. ಉಸಿರು ಬಿಗಿಹಿಡಿದು, ತೊಟ್ಟಿಲಲ್ಲಿ ನಿದ್ದೆಹೋದ ಕೂಸನ್ನು ನೋಡುವವಳ ಹಾಗೆ ಹಕ್ಕಿಯನ್ನು ನೋಡುತ್ತಿದ್ದಳು. ನೋಡುವುದರಲ್ಲೂ ಇಷ್ಟು ಚೆಂದ ಇದೆಯಲ್ಲ ಇವಳಿಗೆ ಎಂದು ಹಿರಿಸೊಸೆಗೆ ಮತ್ತೊಮ್ಮೆ ಹೊಟ್ಟೆ ಉರಿಯಿತು.

ಸ್ಟೂಲು ಮಡಚಿದಳು. ಮೊಣಕಾಲು ಊರಿದಳು, ಆಮೇಲೆ ಕೈ, ಆಮೇಲೆ "ಅಯ್ಯಪ್ಪಾ" ಎಂದು ಪೂರ್ತಿ ಹೊಟ್ಟೆ. ಕೆಸರು ತಣ್ಣಗೆ ಬಟ್ಟೆಯ ತೋಳಿನೊಳಗೆ ನುಗ್ಗಿತು. ಲೆನ್ಸಿನ ಅಡಿ ಪಚಕ್ಕೆಂದು ಮಣ್ಣಿಗೆ ಕೂತಿತು.

"ಅಕ್ಕಾ! ನನ್ನ ಲೆನ್ಸು!"

"ಬೈಕೋ. ನಿಂಗೆ ಒಂದು ತಿಂಗಳು ಟೈಮ್ ಇದೆ."

ಕಿರಿಸೊಸೆಗೆ ನಗು ತಡೆಯಲಾಗಲಿಲ್ಲ. ಸದ್ದಿಗೆ ಹಕ್ಕಿ ಗುಳಕ್ಕನೆ ಮುಳುಗಿತು. ಇಬ್ಬರೂ ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡು ಸುಮ್ಮನೆ ಬಿದ್ದಿದ್ದರು. ಹಕ್ಕಿ ಮತ್ತೆ ಎದ್ದಾಗ ಅದು ಕೆಳಗಿರಲಿಲ್ಲ. ಎದುರಿಗೇ ಇತ್ತು, ನೆರೆಮನೆಯವಳು ಕಿಟಕಿಯಲ್ಲಿ ಇಣುಕಿದಷ್ಟು ನೇರಕ್ಕೆ. ಪಕ್ಕದಲ್ಲಿ ತನ್ನ ಹಳೆಯ ಶಟರಿನ ಸದ್ದು ಹಿರಿಸೊಸೆಗೆ ಕೇಳಿಸಿತು. ಅದರ ಬೆನ್ನಿಗೇ ತಾನೂ ಒತ್ತಿದಳು.

ಕೆಸರು ಮೆತ್ತಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ತನ್ನ ಚಿತ್ರವನ್ನು ನೋಡಲಿಲ್ಲ. ತನ್ನದಕ್ಕಿಂತ ಅವಳದೇ ಚೆನ್ನಾಗಿ ಬಂದಿರುತ್ತದೆಂದು ಅವಳಿಗೆ ಗೊತ್ತಿತ್ತು. ಆ ಮೆಣಸಿನಕಾಯಿ ಇನ್ನೂ ಅಲ್ಲೇ ಇತ್ತು, ಖಾರ ಒಂದಿಷ್ಟೂ ಇಳಿದಿರಲಿಲ್ಲ.

ಆದರೂ ಕತ್ತು ಚಾಚಿ ಕೇಳಿದಳು. "ತೋರಿಸೇ, ಏನು ಸಿಕ್ತು ನಿಂಗೆ?"