ಒಗೆದ ಹೊಸ ಸೀರೆ

"ಹೊಸಾ ಸೀರಿ ಯಾರರ ಒಗೀತಾರೇನು ಬೇ ತಂಗಿ? ಮಡಿಕಿ ಬಿಚ್ಚಿ ಹಂಗೇ ಉಡಸೂದು. ಮಂದಿ ನೋಡಿದ್ರ ನಗ್ತಾರ."

ಜಗದೇವಪ್ಪ ಒಗೆಯುವ ಕಲ್ಲಿನ ಪಕ್ಕದಲ್ಲೇ ನಿಂತು ಹೀಗೆ ಅನ್ನುತ್ತಿದ್ದರೂ ಗುರುಶಾಂತಮ್ಮನ ಕೈ ನಿಲ್ಲಲಿಲ್ಲ. ಸೀರೆ ಎತ್ತಿ ಕಲ್ಲಿಗೆ ಬಡಿದಳು, ನೀರಲ್ಲಿ ಅದ್ದಿದಳು, ಮತ್ತೆ ಬಡಿದಳು. ಗಂಜಿ ಪೂರಾ ಬಿಡಬೇಕು. ಒಳಗೆ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಅಕ್ಕ ಸುಂದರಬಾಯಿ ಬದುಕಿದ್ದಷ್ಟು ದಿನ ಗಂಜಿಯ ಬಟ್ಟೆಯನ್ನು ಮೈಗೆ ತಾಗಿಸಿಕೊಂಡವಳಲ್ಲ.

"ಅಕ್ಕಗ ಚುಚ್ಚತದ, ಅಣ್ಣ."

"ಸತ್ತಾಕಿಗೆ ಏನ್ ಚುಚ್ಚತದ?"

"ಚುಚ್ಚೂದಿಲ್ಲಂತ ಅಕಿ ಬಂದು ಹೇಳ್ಯಾಳೇನು ನಿನಗ?"

ಜಗದೇವಪ್ಪ ಕಾಕಾನ ಮಗ. ಗಂಡುದಿಕ್ಕಿಲ್ಲದ ಈ ಮನೆಯಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮುಂದೆ ನಿಲ್ಲುವವನು. ಮುಂದೆ ನಿಲ್ಲುವವನಿಗೆ ಊರಿನ ಬಾಯಿಯ ಚಿಂತೆ ಜಾಸ್ತಿ.

"ಸೀರಿ ಹೋಗ್ಲಿ. ಹಲಗಿ ಬಡಿಯೂದು ಬ್ಯಾಡ ಅಂತಿ, ಹಾಡ್ಕೊಂಡು ಅಳೂದು ಬ್ಯಾಡ ಅಂತಿ. ನಮ್ಮ ನೆಲೋಗಿ ಊರಾಗ ಯಾರ ಹೆಣ ಹಿಂಗ ಹೋಗ್ಯದ ಹೇಳು, ಕಳ್ಳರು ಗಂಟು ಒಯ್ದಂಗ?"

"ಅಕ್ಕಗ ಮಾತು ಕೊಟ್ಟೇನಿ."

"ನೀ ಕೊಟ್ಟಿ. ಹೀರಾಬಾಯಿ ವೈನಿ ಕೊಟ್ಟಾಳೇನು? ಅಕಿ ಹೊಸ್ತಿಲ ದಾಟಿ ಒಮ್ಮೆ 'ಯವ್ವಾ' ಅಂದ್ರ ಸಾಕು, ಇಡೀ ಓಣಿ ಹೆಂಗಸರು ಶುರು ಮಾಡ್ತಾರ. ಅಕಿನ್ನ ಹ್ಯಾಂಗ ಹಿಡೀತಿ?"

ಗುರುಶಾಂತಮ್ಮ ಮುಂಜಾನೆಯಿಂದ ಹೆದರುತ್ತಿದ್ದದ್ದು ಈ ಅತ್ತಿಗೆಯ ದನಿಗೇ. ಸೀರೆ ಹಿಂಡಿ ಬಿಸಿಲಿಗೆ ಹರವಿದಳು. ಹಿತ್ತಲ ಕೊಟ್ಟಿಗೆಯಲ್ಲಿ ಎಮ್ಮೆ ಒದರಿತು. "ಅದಕ್ಕಷ್ಟು ಕಣಕಿ ಹಾಕ್ರಿ ಯಾರರ!" ಎಂದು ಕೂಗುತ್ತ ಜಗದೇವಪ್ಪ ಹೊರಗೆ ಹೋದ.

*

ಸುಂದರಬಾಯಿ ಸಣ್ಣವಳಿದ್ದಾಗಿನಿಂದ ಹಾಗೇ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಓಡುವಳು. ಯಾರಾದರೂ ಪ್ರೀತಿಯಿಂದ ತಬ್ಬಿಕೊಂಡರೆ ಕಟ್ಟಿಗೆಯ ಹಾಗೆ ಸೆಟೆದು ನಿಲ್ಲುವಳು. ಗಾಳಿ ಸೋಕಿದೆ ಎಂದು ಅವ್ವ ಗಾಣಗಾಪುರಕ್ಕೆ ಕರೆದೊಯ್ದಳು. ಆರತಿಯ ಗಂಟೆ ಜಾಗಟೆಗೆ ಹುಡುಗಿ ಚೀರಿ ನೆಲಕ್ಕೆ ಬಿದ್ದಳು, ಅವ್ವನಿಗೆ ಗಾಳಿ ಖಾತ್ರಿಯಾಯಿತು. ಆಳಂದದಿಂದ ತಾಯಿತ ತಂದು ಕಟ್ಟಿದರು. ದಾರ ಚುಚ್ಚುತ್ತದೆಂದು ಅವಳು ಅದನ್ನು ಬಿಚ್ಚಿ ಎಮ್ಮೆಯ ಕೊರಳಿಗೆ ಕಟ್ಟಿದಳು. ಆ ವರ್ಷ ಎಮ್ಮೆ ಭಾಳ ಹಾಲು ಕೊಟ್ಟಿತೆಂದು ಅಪ್ಪ ಸಾಯುವ ತನಕ ಹೇಳಿಕೊಂಡು ನಗುತ್ತಿದ್ದ.

ಮದುವೆಯನ್ನೂ ಮಾಡಿದರು. ತುಂಬಿದ ಮನೆಯ ಗಲಾಟೆ ತಾಳದೆ ಒಂದು ಸುಗ್ಗಿ ಮುಗಿಯುವುದರೊಳಗೆ ನಡೆದೇ ತವರಿಗೆ ಬಂದಳು. ಅಲ್ಲಿಯ ತನಕ ಗಾಳಿ ಎನ್ನುತ್ತಿದ್ದ ಮಂದಿ ಆಮೇಲೆ ಸೊಕ್ಕು ಎಂದರು.

ಎಂಬತ್ತೆರಡನೇ ಇಸವಿಯಲ್ಲಿ ಜಗದೇವಪ್ಪನ ಅಣ್ಣ ಕಲ್ಯಾಣಪ್ಪ ಹೊಲದಲ್ಲಿ ಹಾವು ಕಡಿದು ಸತ್ತ. ಅವನ ಹೆಂಡತಿ ಹೀರಾಬಾಯಿ ಅಳುವುದರಲ್ಲಿ ಹೆಸರಾದವಳು. ಸತ್ತವರ ಒಂದೊಂದು ಗುಣವನ್ನೂ ರಾಗ ಎಳೆದು ಹಾಡಿಕೊಂಡು ಅತ್ತಳೆಂದರೆ ಬಸ್ಸಿಗೆ ಹೊರಟವನೂ ನಿಂತು ಕಣ್ಣೊರೆಸಿಕೊಳ್ಳಬೇಕು. ಅವತ್ತು ಸ್ವಂತ ಗಂಡನ ಮುಂದೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಸುಂದರಬಾಯಿ ಬಂದು ಬಾಗಿಲಲ್ಲಿ ನಿಂತಳು, ಎರಡೂ ಕಿವಿ ಮುಚ್ಚಿಕೊಂಡಳು, ತಿರುಗಿ ಅವರ ಕೊಟ್ಟಿಗೆಗೆ ಹೋದಳು. ಹೆಣ ಎತ್ತುವ ಹೊತ್ತಿಗೆ ಹಾಲು ತುಂಬಿದ ಬೋಗಾಣಿ ಹಿಡಿದು ಮಂದಿಯ ನಡುವೆಯೇ ಬಂದು ಹೀರಾಬಾಯಿಗೆ ತೋರಿಸಿದಳು.

"ಇಷ್ಟು ಕೊಡ್ತು ನೋಡು."

ಅಂದಿನಿಂದ ಹೀರಾಬಾಯಿ ಅವಳ ಮುಖ ನೋಡಲಿಲ್ಲ.

*

ಬಿಸಿಲು ಏರಿತ್ತು. ಹುಲೆಪ್ಪ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಅಂಗಳದಾಚೆ ಬೇವಿನ ಬುಡದಲ್ಲಿ ನಿಂತ. ಜಗದೇವಪ್ಪನ ಮುಖ ಸ್ವಲ್ಪ ಅರಳಿತು.

"ಬಂದ್ಯಾ? ಹಲಗಿ ಕಾಸಿಲ್ಲೇನೋ ಇನ್ನೂ?"

"ಇಲ್ರಿ. ಕಾಸೂದೂ ಇಲ್ಲ. ಸಕ್ಕರಿ ಹಂಚಿದಾಗ ಅಕ್ಕಾವ್ರು ನಮ್ಮ ಮನಿ ತನಕಾ ಬಂದಿದ್ರು. 'ಹುಲೆಪ್ಪ, ನಿನ್ನ ಹಲಗಿ ಕೇಳಿ ನಾ ಓಡತಿದ್ದೆ. ನೀ ಕೆಟ್ಟ ಬಾರಸ್ತಿ ಅಂತಲ್ಲ, ನನ್ನ ಕಿವಿ ಹಂಗದ' ಅಂದ್ರು. ಎದ್ದು ಹೋದ ಮಂದಿ ಭಾಳ ನೋಡೇನ್ರಿ, ಕಾರಣ ಹೇಳಾಕ ಮನಿಗೆ ಬಂದವರು ಅವರೊಬ್ಬರೇ."

"ಮತ್ತ ಹಲಗಿ ಯಾಕ ತಂದಿ?"

"ಅದು ಹೆಗಲಿನ ರೂಢಿರಿ. ನಾ ಬಂದಿದ್ದು ಕುಣಿ ತೋಡಾಕ."

*

ಆ ಸಕ್ಕರೆಯ ಸುದ್ದಿ ಎರಡು ವರ್ಷದ ಹಿಂದಿನದು. ಅಫಜಲಪುರಕ್ಕೆ ಕೊಟ್ಟ ಗುರುಶಾಂತಮ್ಮನ ಮಗಳ ಕೂಸು ಭಾಗೂ ಐದು ತುಂಬಿದರೂ ಮಾತಾಡುತ್ತಿರಲಿಲ್ಲ. ಸೊಲ್ಲಾಪುರದ ದವಾಖಾನೆಗೆ ಕರೆದೊಯ್ಯುವಾಗ ಸುಂದರಬಾಯಿಯೂ ಹೊರಟಳು. ಬಸ್ಸಿನಲ್ಲಿ ಕೂಸು ಅವಳ ಪಕ್ಕದಲ್ಲಿ ಮಾತ್ರ ಸುಮ್ಮನೆ ಕೂರುತ್ತಿತ್ತು. ಡಾಕ್ಟರಬಾಯಿ ಕನ್ನಡದವಳೇ. ಒಂದೊಂದೇ ಕೇಳುತ್ತ ಹೋದಳು.

"ಗದ್ದಲ ಆದ್ರ ಕಿವಿ ಮುಚ್ಕೋತಾಳೇನು?"

ಕೂಸಿನ ತಾಯಿ ಬಾಯಿ ತೆರೆಯುವುದರೊಳಗೆ ಸುಂದರಬಾಯಿ ಅಂದಳು, "ಮುಚ್ಕೋತೇನಿ."

"ಹೊಸ ಅರಿವಿ ಹಾಕಿದ್ರ?"

"ಮೈ ಉರೀತದ."

"ಅಜ್ಜಿ, ನಾ ಹುಡುಗಿದು ಕೇಳಾಕತ್ತೇನಿ."

"ಹುಡುಗಿಗೆ ಹೇಳಾಕ ಬರೂದಿಲ್ಲಲ್ರಿ. ಅದಕ್ಕ ನಾ ಹೇಳಾಕತ್ತೇನಿ."

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟು ಮುದುಕಿಯನ್ನು ನೋಡಿದಳು. ಮರುದಿನ ಮತ್ತೆ ಬರಹೇಳಿದಳು, ಅದರ ಮರುದಿನವೂ. ಗುರುಶಾಂತಮ್ಮನನ್ನು ಕೂಡಿಸಿಕೊಂಡು ಅಕ್ಕನ ಬಾಲ್ಯವನ್ನೆಲ್ಲ ಕೆದಕಿದಳು. ಕೊನೆಗೆ ಕೂಸಿಗೂ ಅಜ್ಜಿಗೂ ಒಂದೇ ಹೆಸರು ಹೇಳಿದಳು. ಆಟಿಸಂ. ಹುಟ್ಟುತ್ತಲೇ ಬಂದದ್ದು, ಬೇಮಾರಿ ಅಲ್ಲ, ಮೈಮನಸ್ಸಿನ ರೀತಿಯೇ ಬೇರೆ.

"ಹಂಗಾರ ನನ್ನೊಳಗ ಗಾಳಿ ಇಲ್ಲ?" ಸುಂದರಬಾಯಿ ಕೇಳಿದಳು.

"ಇಲ್ಲ ಅಜ್ಜಿ."

"ಸೊಕ್ಕು?"

ಡಾಕ್ಟರಬಾಯಿ ನಕ್ಕಳು. "ಎಲ್ಲರಿಗೂ ಇರೂವಷ್ಟು ಇರಬಹುದು."

ಊರಲ್ಲಿ ಬಸ್ಸಿಳಿದವಳೇ ಸುಂದರಬಾಯಿ ಅಂಗಡಿಗೆ ಹೋಗಿ ಸಕ್ಕರೆ ತೂಗಿಸಿದಳು. ಗಂಡು ಹುಟ್ಟಿದರೆ, ಪರೀಕ್ಷೆ ಪಾಸಾದರೆ ಹಂಚುವ ಹಾಗೆ ಮನೆ ಮನೆಗೆ ಹೋಗಿ ಒಂದೊಂದು ಹಿಡಿ ಕೊಟ್ಟಳು. "ನಂದು ಸೊಕ್ಕಲ್ರಿ, ಆಟಿಸಂ. ಸಕ್ಕರಿ ತಗೋರಿ." ಔಷಧ ಏನು ಕೊಟ್ಟರು ಎಂದು ಕೇಳಿದವರಿಗೆ, "ಔಷಧ ಇಲ್ಲ. ಬ್ಯಾಡ ಸೈತ," ಎಂದು ಮುಂದಿನ ಮನೆಗೆ ನಡೆದಳು. ಅಷ್ಟು ಮಂದಿಯ ಕಣ್ಣಲ್ಲಿ ಕಣ್ಣಿಡದೆಯೂ ಅಷ್ಟು ಎತ್ತಿದ ತಲೆಯನ್ನು ಗುರುಶಾಂತಮ್ಮ ಅದಕ್ಕೆ ಮೊದಲು ಕಂಡಿರಲಿಲ್ಲ.

ಹೀರಾಬಾಯಿ ಮಾತ್ರ ಕೈ ಒಡ್ಡಲಿಲ್ಲ. ಸುಂದರಬಾಯಿ ಅವಳ ಕಟ್ಟೆಯ ಮೇಲೆ ಸಕ್ಕರೆ ಇಟ್ಟು ಬಂದು, ತಂಗಿಗೆ ವರದಿ ಒಪ್ಪಿಸಿದಳು: "ಅಕಿ ತಗೊಳ್ಳಿಲ್ಲ. ಇರುವಿ ತಗೊಂಡುವು."

ಅಂದು ರಾತ್ರಿ ಊಟದ ಮುಂದೆಯೇ ಆ ಮಾತು ತೆಗೆದಿದ್ದಳು. "ಗುರುಶಾಂತಾ, ನಾ ಸತ್ತಾಗ ಹಲಗಿ ಬ್ಯಾಡ. ಹಾಡ್ಕೊಂಡು ಅಳೂದು ಬ್ಯಾಡ."

"ಸತ್ತಮ್ಯಾಲ ನಿನಗ ಕೇಳಸ್ತದೇನು?"

"ಯಾರಿಗೆ ಗೊತ್ತದ? ಕೇಳಿಸಿದ್ರ ಎದ್ದು ಓಡಾಕ ಬರೂದಿಲ್ಲಲ್ಲ."

*

ಒಗೆದು ಒಣಗಿದ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟಾಗಿತ್ತು. ಮಠದ ಅಯ್ಯನವರು ಬರುವುದೊಂದೇ ಬಾಕಿ. ಆಗ ಹೀರಾಬಾಯಿ ಬಂದಳು. ಪಡಸಾಲೆಯ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಅವಳ ಬಾಯಿ ನೋಡಿದರು.

"ವೈನಿ, ಕೈ ಮುಗೀತೇನಿ. ಹಾಡಬ್ಯಾಡ್ರಿ."

"ಸರಿ ಬೇ ಅತ್ತಾಗ! ನನ್ನ ಗಂಡನ ಮುಂದ ಒಂದು ಹನಿ ಹಾಕಲಿಲ್ಲ ಇಕಿ. ಅಳೂದಂದ್ರ ಹ್ಯಾಂಗಿರತದಂತ ಇವತ್ತ ತೋರಸ್ತೇನಿ. ಎದ್ದು ಹೋಗಲಿ ನೋಡೂಣು, ಹ್ಯಾಂಗ ಹೋಗ್ತಾಳ!"

ಹೀರಾಬಾಯಿ ಹೆಣದ ಎದುರು ಕೂತು ಎದೆ ತುಂಬ ಉಸಿರೆಳೆದಳು. ಗುರುಶಾಂತಮ್ಮನಿಗೆ ಇನ್ನೇನೂ ತೋಚಲಿಲ್ಲ. ತನ್ನ ಎರಡೂ ಅಂಗೈಗಳನ್ನು ಅಕ್ಕನ ಕಿವಿಗಳ ಮೇಲೆ ಒತ್ತಿ ಹಿಡಿದಳು.

ಆಗ ಹಿತ್ತಲ ಎಮ್ಮೆ ಒದರಿತು. ಗಂಟಲು ಒಡೆಯುವ ಹಾಗೆ, ಉದ್ದಕ್ಕೆ. ಮತ್ತೊಮ್ಮೆ ಒದರಿತು.

ಹೀರಾಬಾಯಿ ಎಳೆದ ಉಸಿರು ಹಾಗೇ ನಿಂತಿತು.

"ಯಾಕ ಒದರಾಕತ್ತದ ಅದು?"

"ಮುಂಜಾನಿ ಹಿಂಡಿಲ್ಲ, ವೈನಿ. ಅಕ್ಕನ ಕೈಗಷ್ಟೇ ಬಿಡತದ. ನನಗ ಒದೀತದ."

ಹೀರಾಬಾಯಿ ತಲೆ ತಗ್ಗಿಸಿದಳು. ಕೇಳಿದಾಗ ಅವಳ ದನಿ ಸಣ್ಣದಾಗಿತ್ತು.

"ಆವತ್ತ ನಮ್ಮ ಎಮ್ಮಿನೂ ಹಿಂಗೇ ಒದರತಿತ್ತೇನು?"

"ಒದರತಿತ್ತು."

"ನನಗ ಕೇಳಿಸ್ಲಿಲ್ಲಲ್ಲ ಬೇ."

"ಯಾರಿಗೂ ಕೇಳಿಸ್ಲಿಲ್ಲ, ವೈನಿ."

ಹೀರಾಬಾಯಿ ತಲೆಯೆತ್ತಿ, ಇಷ್ಟು ವರ್ಷಗಳ ಮೇಲೆ, ಸುಂದರಬಾಯಿಯ ಮುಖ ನೋಡಿದಳು. ಮೊಣಕಾಲಿಗೆ ಕೈಯೂರಿ ಎದ್ದಳು.

"ಬೋಗಾಣಿ ಎಲ್ಲದ?"

"ಕೊಟ್ಟಿಗ್ಯಾಗ, ಗೂಡಿನ್ಯಾಗ."

ಮುಂಜಾನೆ ಮೈ ತೊಳೆಯುವಾಗ ಬಿಚ್ಚಿಟ್ಟ ಸುಂದರಬಾಯಿಯ ಹಳೆಯ ಸೀರೆ ಹಿತ್ತಲ ಹಗ್ಗದ ಮೇಲೆ ಒಗೆಯದೆ ಬಿದ್ದಿತ್ತು. ಒದೆಯುವ ಎಮ್ಮೆಯನ್ನು ಒಲಿಸುವುದು ಹೀರಾಬಾಯಿಗೆ ಗೊತ್ತಿಲ್ಲದ್ದೇನಲ್ಲ. ಸೀರೆ ಎಳೆದುಕೊಂಡು ತಲೆಯ ಮೇಲಿಂದ ಮೈತುಂಬ ಹೊದ್ದು ಕೊಟ್ಟಿಗೆಗೆ ಹೋದಳು. ಎಮ್ಮೆ ಮೂಸಿ ನೋಡಿತು, ಮತ್ತೊಮ್ಮೆ ಮೂಸಿತು, ಒದರುವುದನ್ನು ನಿಲ್ಲಿಸಿತು.

ಮೊದಲು ಖಾಲಿ ಬೋಗಾಣಿಗೆ ಹಾಲು ಬಿದ್ದ ತೆಳ್ಳನೆಯ ಸದ್ದು ಪಡಸಾಲೆಗೆ ಬಂತು. ಬರಬರುತ್ತ ನೊರೆಯೊಳಗೆ ಇಳಿದು ಗಟ್ಟಿಯಾಯಿತು. ಗುರುಶಾಂತಮ್ಮ ಅಕ್ಕನ ಕಿವಿಗಳ ಮೇಲಿಂದ ಕೈ ತೆಗೆದಳು.