ಕಾಲು ಕಿಲೋ ಪಾಪ

ತಾತ ಟೀ ಅಂಗಡಿ ತೆರೆದ ದಿನ ಮೊದಲು ಬಂದು ಕೂತವರು ಎದುರುಗಡೆಯ ಛತ್ರಿ ಅಂಗಡಿಯ ಯಜಮಾನರು. ಆಗಿನ್ನೂ ಅವರಿಗೆ ಯಜಮಾನಿಕೆ ಬಂದಿರಲಿಲ್ಲ, ಮೀಸೆ ಮಾತ್ರ ಬಂದಿತ್ತು. ಮೂಲೆ ಮೇಜಿನಲ್ಲಿ ಒಂದು ಲೋಟ ಕುಡಿದು, ಕಣ್ಣು ಮುಚ್ಚಿ ಬಹಳ ಹೊತ್ತು ಕೂತು, "ಇಂಥ ಟೀ ಹುಟ್ಟಿದಾಗಿಂದ ಕುಡಿದಿಲ್ಲ" ಎಂದರಂತೆ. ತಾತ ಹಿರಿಹಿರಿ ಹಿಗ್ಗಿದರು. ಮುಂದಿನ ತಿಂಗಳು ಅವರು ಊರಿಂದ ಊರಿಗೆ ಛತ್ರಿ ಮಾರಿಕೊಂಡು ಬಂದು, ಅದೇ ಜಾಗದಲ್ಲಿ ಕೂತು, ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದಲ್ಲ."

"ಅದೇ ಪುಡಿ, ಅದೇ ನೀರು, ಅದೇ ಕೈ" ಎಂದರು ತಾತ.

"ಇರಬಹುದು. ಆದ್ರೆ ಇದಲ್ಲ."

ತಾತ ಉಡದಂಥ ಮನುಷ್ಯ, ಹಿಡಿದರೆ ಬಿಡುವವರಲ್ಲ. "ನಿಮ್ಮ ಬಾಯಲ್ಲಿ 'ಇದೇ' ಅಂತ ಬರೋವರೆಗೂ ನಿಮಗೆ ಟೀ ಪುಕ್ಕಟೆ" ಎಂದುಬಿಟ್ಟರು. ಮನೆ ಮುಳುಗಿತು ಅಂದುಕೊಂಡಳು ಅಜ್ಜಿ. ಬೀದಿಯವರು, "ಛತ್ರಿ ಮಾರೋನು ಛತ್ರಿನೇ" ಎಂದು ನಕ್ಕರು. ಆದರೆ ಆ ಮನುಷ್ಯ ಛತ್ರಿಯಲ್ಲ. ಪ್ರತಿ ಲೋಟವನ್ನೂ ಅವರು ಆಸೆಯಿಂದಲೇ ಎತ್ತುತ್ತಿದ್ದರು, ಪ್ರತಿ ಸಲವೂ ಮುಖ ಸಣ್ಣದಾಗುತ್ತಿತ್ತು.

ಹಿಂದಿನ ಕೋಣೆಯಲ್ಲಿ ತಾತ ಹೊಸ ಹೊಸ ಪುಡಿ ಬೆರೆಸತೊಡಗಿದರು. ಎತ್ತರದ ತೋಟದ ಎಲೆಗೆ ತಗ್ಗಿನದು, ದಪ್ಪ ಕಾಳಿಗೆ ನಯವಾದ ಪುಡಿ. ಯಜಮಾನರು ಒಪ್ಪದಿದ್ದ ಮಿಶ್ರಣವನ್ನು ಎಸೆಯಲು ಮನಸ್ಸಾಗದೆ ಪೊಟ್ಟಣ ಕಟ್ಟಿ ಮುಂದೆ ಇಟ್ಟರು. ಹೆಸರು ಯೋಚಿಸಲು ಪುರುಸೊತ್ತಿಲ್ಲದೆ, ಯಜಮಾನರು ಕುಡಿದು ಏನಂದರೋ ಅದನ್ನೇ ಬರೆದರು. 'ದೂರ ಹೋಯ್ತು', 'ಸ್ವಲ್ಪ ಹತ್ರ', 'ನಿನ್ನೇದೇ ವಾಸಿ'. ಒಂದಕ್ಕೆ ಅವರು ತಾತನ ಮುಖ ನೋಡಿ "ಪಾಪ" ಎಂದಿದ್ದರು. ಅದು 'ಪಾಪ' ಆಯಿತು. ಎಲ್ಲಕ್ಕಿಂತ ಹೆಚ್ಚು ಖರ್ಚಾದದ್ದು ಅದೇ. ಹೊಸಬರು ಯಾರಾದರೂ ಬಾಗಿಲಲ್ಲಿ ನಿಂತರೆ, ಮರ್ಯಾದಸ್ಥ ಹೆಂಗಸೊಬ್ಬರು "ಕಾಲು ಕಿಲೋ ಪಾಪ ಕಟ್ಟಿ, ಮನೇಲಿ ಪಾಪ ಮುಗಿದುಹೋಗಿದೆ" ಎನ್ನುವುದನ್ನು ಕೇಳಿ ಗಾಬರಿಯಾಗುತ್ತಿದ್ದರು. ಹೀಗೆ ಒಬ್ಬರ ನಾಲಿಗೆಗೆ ಸೋತು ಸೋತು ನಮ್ಮ ಮನೆತನ ಉದ್ಧಾರವಾಯಿತು.

ತಾತನ ನಂತರ ಲೋಟ ತೊಳೆಯುವುದು, ಲೆಕ್ಕ ನೋಡುವುದು ಅಪ್ಪನಿಗೆ ಬಂತು. ಬೆರೆಸುವ ಕೋಣೆ ಅಪ್ಪನ ಅಕ್ಕನಿಗೆ, ಅಂದರೆ ನನ್ನ ಅತ್ತೆಗೆ. ಅತ್ತೆಯ ಮೂಗು ಅಂಥಾದ್ದು. ಟೀ ಎಲೆ ಪಕ್ಕದಲ್ಲಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತದೆ ಅಂತ ಅವಳು ಸೋಪು ಹಚ್ಚಲಿಲ್ಲ, ಹೂ ಮುಡಿಯಲಿಲ್ಲ. ನೋಡಲು ಬಂದ ಮೂವರು ಗಂಡುಗಳನ್ನು ತಲೆಗೆಣ್ಣೆಯ ವಾಸನೆಗೆ ಬಾಗಿಲಿಂದಲೇ ಕಳಿಸಿದಳು. ಗೋಡೆಗೆ ಬಣ್ಣ ಹೊಡೆಸಬಾರದೆಂಬುದು ತಾತನ ಕಟ್ಟಪ್ಪಣೆ. ಅಂಗಡಿ ಒಳಗೆಲ್ಲ ಹಳೇ ಲೋಟದ ತಳದಂತೆ ಕಂದಾಗಿತ್ತು. ಅತ್ತೆ ಬೆಳಿಗ್ಗೆ ಹೊಸದೊಂದು ಬೆರೆಸುವಳು, ತಾನೇ ಲೋಟ ಹಿಡಿದು ಮೂಲೆ ಮೇಜಿಗೆ ಹೋಗುವಳು.

"ಇದಲ್ಲ ಕಣಮ್ಮ."

"ನಾಳೆ ಬನ್ನಿ."

ಅವರಿಬ್ಬರ ನಡುವೆ ಆ ವರ್ಷಗಳಲ್ಲಿ ನಡೆದ ಮಾತು ಹೆಚ್ಚುಕಮ್ಮಿ ಇಷ್ಟೇ.

ಕೊನೆಗೆ ಒಂದು ದಿನ ಮೇಲಿನ ಗಾರೆ ಉದುರಿ ಗಿರಾಕಿಯೊಬ್ಬರ ಲೋಟಕ್ಕೆ ಬಿತ್ತು. ಅವರು ಬಿಸ್ಕತ್ತೆಂದು ತಿಳಿದು ಅರ್ಧ ತಿಂದಿದ್ದರು. ಅಪ್ಪ ತಾತನ ಫೋಟೋಗೆ ಕೈ ಮುಗಿದು ಪೇಂಟರನ್ನು ಕರೆಸಿದರು. ಅತ್ತೆ ಎಲೆಯ ಪೆಟ್ಟಿಗೆಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಕೋಣೆಗೆ ಬೀಗ ಹಾಕಿ, ಮುಖ ಊದಿಸಿಕೊಂಡು ಕೂತಳು. ಮುಂದಿನ ಕೋಣೆಯ ಗೋಡೆ ಮುಗಿದು, ಮೇಜಿಗೆ ಹಚ್ಚಿದ ಹಸಿರು ಬಣ್ಣ ಇನ್ನೂ ಆರುತ್ತಿರುವಾಗ ಯಜಮಾನರು ಬಂದರು. ಹೊಸದೇನೂ ಇರಲಿಲ್ಲ. ಅಪ್ಪ ಕೈಗೆ ಸಿಕ್ಕ ಪಾಪದ ಪೊಟ್ಟಣ ಬಿಚ್ಚಿ ಟೀ ಮಾಡಿಕೊಟ್ಟರು.

ಯಜಮಾನರು ಕುಡಿದರು. ಮತ್ತೊಂದು ಗುಟುಕು. ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿ ಕೆಳಗಿಟ್ಟರು.

"ಇದೇ."

ಅಪ್ಪ ಬಾಗಿಲಿಗೆ ಓಡಿ ಬೀದಿಗೆ ಕೂಗಿ ಹೇಳಿದರು. ಸುದ್ದಿ ಬೀದಿ ಹಬ್ಬಿ, ಚಪ್ಪಲಿ ಅಂಗಡಿಯವರು, ಕ್ಷೌರದವರು, ಅರ್ಧ ಕ್ಷೌರವಾದವರು ಎಲ್ಲ ನುಗ್ಗಿದರು. "ನಮಗೂ ಇದೇ ಕೊಡಿ." ಅಪ್ಪ ಎಲ್ಲರಿಗೂ ಪಾಪ ಹಂಚಿದರು. ಕುಡಿದವರೆಲ್ಲ ಆಹಾ ಎಂದರು, ಮನೆಗೆ ಒಯ್ದು ಮಾಡಿಕೊಂಡವರು ಸಂಜೆ ವಾಪಸು ಬಂದು, "ಇದು ನಮ್ಮ ಪಾಪವೇ ಅಲ್ವಾ?" ಎಂದು ಕೇಳಿದರು.

ಅತ್ತೆ ಮಾತ್ರ ಮೂಲೆಯಲ್ಲಿ ನಿಂತು ಗಾಳಿ ಮೂಸುತ್ತಿದ್ದಳು. ಮೇಜಿನತ್ತ ಬಾಗಿ ಮೂಸಿದಳು, ಮೂಗಿಗೆ ಹಸಿರು ಹತ್ತಿತು.

"ಅಪ್ಪ ಅಂಗಡಿ ತೆರೆದಾಗ ಮೇಜು ಹೊಸದಿತ್ತೇನೋ?" ಎಂದು ತಮ್ಮನನ್ನು ಕೇಳಿದಳು.

"ಹಿಂದಿನ ದಿನ ತಾನೇ ಬಣ್ಣ ಬಳಿದಿದ್ದಂತೆ. ಯಾಕಕ್ಕಾ?"

ಅತ್ತೆ ಕುರ್ಚಿ ಎಳೆದುಕೊಂಡು ಕೂತಳು. "ಇಷ್ಟು ವರ್ಷ ನಾವು ಹುಡುಕಿದ್ದು ಟೀ ಅಲ್ಲ ಕಣೋ. ಪೇಂಟು."

ಹೇಳುವುದು ಬೇಡವೆಂದರು ಅಪ್ಪ. "ಒಪ್ಪಿದಾರಲ್ಲ, ಹೊತ್ತು ಹೋಗದೆ ಯಾಕೆ ಕೆದಕ್ತೀಯ?" ಅತ್ತೆ ಕೇಳಲಿಲ್ಲ. ಪುಡಿ ಬೆರೆಸುವವಳು ತಾನು ಬೆರೆಸದ್ದಕ್ಕೆ ಹೆಸರು ತಗೋಬಾರದು ಎಂದು, ರಸ್ತೆ ದಾಟಿ ಛತ್ರಿ ಅಂಗಡಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಯಜಮಾನರು ಮುರಿದ ಛತ್ರಿಯ ಕಡ್ಡಿ ಕಟ್ಟುತ್ತ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನಾನು ಇಷ್ಟು ದಿನ ನಿಮ್ಮನ್ನ ಸುಮ್ಮನೆ ಕಾಡಿಸಿದೆ."

"ಕಾಡಿಸಿದ್ದಕ್ಕೇ ನಮ್ಮ ಹೊಟ್ಟೆ ತುಂಬಿದ್ದು. ಅದಲ್ಲ ಮಾತು. ಬಣ್ಣ ಆರಿದ ಮೇಲೆ ಏನು ಮಾಡ್ತೀರ?"

ಯಜಮಾನರು ಛತ್ರಿಯನ್ನೊಮ್ಮೆ ಬಿಚ್ಚಿ ಮುಚ್ಚಿದರು. "ಮತ್ತೆ ಬಳಿಯೋಕಾಗಲ್ವಾ?"

ಅತ್ತೆ ಮನೆಗೆ ಬಂದು ಎರಡು ದಿನ ಮಲಗಿದಳು. ಮೂರನೇ ದಿನ ಸೋಪು ಹಚ್ಚಿ ಸ್ನಾನ ಮಾಡಿ, ಬೆರೆಸುವ ಕೋಣೆಯ ಬೀಗದ ಕೈ ನನ್ನ ಕೈಗಿಟ್ಟಳು. ಅಂದು ಮೊದಲ ಸಲ, ಯಾರಿಗೆ ಒಪ್ಪುತ್ತದೋ ಎಂಬ ಚಿಂತೆಯಿಲ್ಲದೆ ಒಂದು ಲೋಟ ಟೀಯನ್ನು ಕೂತು ಪೂರ್ತಿ ಕುಡಿದಳು. ಮುಖ ಕಿವುಚಿ, "ನಂಗೆ ಟೀ ಸೇರೋದೇ ಇಲ್ಲ ಅಂತ ಕಾಣುತ್ತೆ ಕಣೇ" ಎಂದಳು. ಈಗ ಬರೀ ಬಿಸಿನೀರು ಕುಡಿಯುತ್ತಾಳೆ.

ನಾನು ಹೊಸದೇನೂ ಬೆರೆಸುತ್ತಿಲ್ಲ, ಹಳೆಯವೇ ಸಾಕಾಗಿವೆ. ಮೂಲೆ ಮೇಜಿಗೆ ತಿಂಗಳಿಗೊಮ್ಮೆ ಪೇಂಟರು ಬರುತ್ತಾರೆ. ಬಣ್ಣದ ಮೇಲೆ ಬಣ್ಣ ಕೂತು ಮೇಜು ಎಷ್ಟು ದಪ್ಪವಾಗಿದೆಯೆಂದರೆ ಮೊಣಕಾಲು ಒಳಗೆ ಹೋಗುವುದಿಲ್ಲ. ಯಜಮಾನರು, ಅತ್ತೆ ಇಬ್ಬರೂ ಪಕ್ಕಕ್ಕೆ ತಿರುಗಿ ಕೂರುತ್ತಾರೆ. ಅತ್ತೆಯ ಸೀರೆಯಂಚಿಗೆ ನೀಲಿ, ಅವರ ತೋಳಿಗೆ ಹಸಿರು. ಮೊನ್ನೆ ಪೇಂಟರು ಯಾವ ಬಣ್ಣವೆಂದು ಕೇಳಿದಾಗ ಯಜಮಾನರು ಹಳದಿ ಎಂದರು, ಅತ್ತೆ ಹಳದಿ ವಾಸನೆ ತೆಳು ಎಂದಳು. ಮಧ್ಯಾಹ್ನವೆಲ್ಲ ವಾದ ನಡೆಯಿತು. ಪೇಂಟರು ಕುಂಚ ಹಿಡಿದುಕೊಂಡೇ ಎರಡು ಲೋಟ 'ನಿನ್ನೇದೇ ವಾಸಿ' ಕುಡಿದು, ಸಂಜೆಗೆ ಬರುತ್ತೇನೆಂದು ಹೋದರು.