ಮೊದಲ ಪುಟದ ಮಾತು

ಪ್ರೊಫೆಸರ್ ಮೇಡಂ ಇಪ್ಪತ್ತೈದು ವರ್ಷ ಮನೆಮನೆ ಹತ್ತಿ ಇಳಿದು ಕೇಳಿದ್ದು ಒಂದೇ ಪ್ರಶ್ನೆ: ಹೆಂಗಸರು ನೋವು ನುಂಗಿಕೊಂಡು ಕೂರುವುದೇಕೆ, ಆಸ್ಪತ್ರೆಗೆ ತಡವಾಗಿ ಹೋಗುವುದೇಕೆ? ಅವರಿಗೆ ಹೆಸರು ತಂದ ಪುಸ್ತಕದ ಮೊದಲ ಪುಟದಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆಯ ಮಾತಿತ್ತು: 'ನೂಲು ನಂದು, ಕತ್ತರಿ ಮಾತ್ರ ಅವರ ಕೈಲಿ.' ಎರಡು ವರ್ಷ ಹೊಟ್ಟೆನೋವು ಸಹಿಸಿ, ಕೊನೆಗೆ ಗರ್ಭಕೋಶ ತೆಗೆಸಿಕೊಂಡವಳ ಮಾತು ಅದು. 'ಅವರು' ಅಂದರೆ ಆಸ್ಪತ್ರೆಗೆ ಬಿಡದ ಗಂಡ ಎಂದು ಮೇಡಂ ಕೆಳಗೆ ಬರೆದಿದ್ದರು.

ಹದಿನೆಂಟು ವರ್ಷಗಳ ಮೇಲೆ ಆ ಟೈಲರಮ್ಮ ಈಗ ಮೇಡಂ ಎದುರಿನ ಕುರ್ಚಿಯಲ್ಲಿ ಕೂತಿದ್ದಳು.

"ನಿಮ್ಮನ್ನ ಮರೆಯೋದುಂಟಾ? ನಿಮ್ಮ ಮಾತಿನಿಂದಲೇ ನಾನು ಅನ್ನ ತಿಂದಿದ್ದೀನಿ," ಎಂದರು ಮೇಡಂ.

"ಅದೇ ಮಾತು ನಮ್ಮನೆ ಅನ್ನಕ್ಕೆ ಮಣ್ಣು ಹಾಕ್ತು. ಮಗಳು ನರ್ಸಿಂಗ್ ಓದ್ತಿದ್ದಾಳೆ. ಅವಳಿಗೆ ನಿಮ್ಮ ಪುಸ್ತಕಾನೇ ಪಾಠ."

"ನಿಮ್ಮ ಹೆಸರು ಹಾಕಿರಲಿಲ್ಲವಲ್ಲ."

"ಹೆಸರು ಯಾಕೆ ಬೇಕು? ಕರೆಂಟು ಹೋದ್ರೂ ನಾನು ಆಡೋದು ಅದೇ ಮಾತು. ಅವಳು ಹುಟ್ಟಿದಾಗಿಂದ ಕೇಳಿದ್ದಾಳೆ. ಮೂರು ತಿಂಗಳಾಯ್ತು, ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾಳೆ. ಹಾಸ್ಟೆಲಿಂದ ಫೋನ್ ಮಾಡಿದ್ರೆ 'ಅಮ್ಮಂಗೆ ಕೊಡಿ' ಅಂತಾಳೆ. ಇವರು ಕೊಟ್ಟು ಎದ್ದು ಹೋಗ್ತಾರೆ. ಅದು ಸುಳ್ಳು ಅಂತ ನೀವೇ ಅವಳಿಗೆ ಹೇಳ್ಬೇಕು ಮೇಡಂ."

"ಸುಳ್ಳಾ?"

"ಸುಳ್ಳು ಅಂತಲ್ಲ. ಹಾಗಂತ ನಿಜಾನೂ ಅಲ್ಲ."

ಹೆಂಗಸರು ಗಂಡನ ಮಾನ ಕಾಯಲು ಸುಳ್ಳು ಹೇಳುತ್ತಾರೆ ಎಂದು ಅದೇ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಬರೆದವರು ಮೇಡಂ ತಾವೇ. ಹಾಗಾದರೆ ಇವಳು ಆವತ್ತು ಸುಳ್ಳು ಹೇಳಿದಳೋ, ಇವತ್ತು ಹೇಳುತ್ತಿದ್ದಾಳೋ?

ಬೀರುವಿನ ತಳದಿಂದ ಹಳೆಯ ಕ್ಯಾಸೆಟ್ ಹುಡುಕಿ ತೆಗೆದು ಟೇಪ್ ರೆಕಾರ್ಡರಿಗೆ ಹಾಕಿದರು. ಹೊಲಿಗೆ ಯಂತ್ರದ ಗಡಗಡ. ಅದರ ನಡುವೆ ಹದಿನೆಂಟು ವರ್ಷ ಹಿಂದಿನ ತಮ್ಮದೇ ದನಿ: "ಗಂಡ ಬಿಡಲಿಲ್ಲ, ಅಲ್ವಾ?" ಯಂತ್ರ ನಿಂತಿತು. "ಹ್ಞೂಂ... ನೂಲು ನಂದು, ಕತ್ತರಿ ಮಾತ್ರ ಅವರ ಕೈಲಿ." ಆಮೇಲೆ ಇಬ್ಬರೂ ನಕ್ಕಿದ್ದರು. ಆ ನಗು ಪುಸ್ತಕದಲ್ಲಿರಲಿಲ್ಲ. ಆ ಪ್ರಶ್ನೆಯೂ ಇರಲಿಲ್ಲ.

"ಉತ್ತರ ನಾನೇ ನಿಮ್ಮ ಬಾಯಿಗೆ ತುರುಕಿದ್ದೀನಿ," ಎಂದರು ಮೇಡಂ. "ನಾನು ಹಾಗೆ ಕೇಳದೇ ಇದ್ದಿದ್ರೆ ಏನು ಹೇಳ್ತಿದ್ರಿ?"

"ಈಗ ಹೇಗೆ ಗೊತ್ತಾಗುತ್ತೆ? ನನಗೂ ಹೇಳಿ ಹೇಳಿ ಅದೇ ಕೂತುಬಿಟ್ಟಿದೆ."

"ನಿಮ್ಮೆಜಮಾನರು ಏನಂತಾರೆ?"

"ಅವರನ್ನ ಯಾರು ಕೇಳಿದ್ದಾರೆ? ಕೆಳಗೆ ಸ್ಕೂಟರ್ ಹತ್ತಿರ ಇದ್ದಾರೆ."

ಮೇಡಂ ಮೆಟ್ಟಿಲು ಇಳಿದರು, ಹಿಂದೆಯೇ ಟೈಲರಮ್ಮ. ಆ ಮನುಷ್ಯ ಹೆಲ್ಮೆಟ್ಟನ್ನು ತೆಂಗಿನಕಾಯಿಯಂತೆ ಎದೆಗೊತ್ತಿ ಹಿಡಿದು ನಿಂತಿದ್ದ. ಈ ಸಲ ಮೇಡಂ ಉತ್ತರ ಸೇರಿಸದೆ ಕೇಳಿದರು: "ಆಗ ಏನಾಯ್ತು?"

ಅವನು ಹೆಂಡತಿಯ ಮುಖ ನೋಡಿದ. "ನೋವು ಅಂದ್ಳು. ಹೋಗಿ ತೋರಿಸು ಅಂದೆ. ಹೋಗ್ತೀನಿ ಅಂದ್ಳು. ಬನ್ನಿ ಅಂತ ಅವಳು ಕರೀಲಿಲ್ಲ, ಬರ್ತೀನಿ ಅಂತ ನಾನೂ ಅನ್ನಲಿಲ್ಲ. ಎರಡು ವರ್ಷ ಹಾಗೇ ಹೋಯ್ತು. ಇದು ಬಿಟ್ಟ ಲೆಕ್ಕಾನೋ, ಬಿಡದ ಲೆಕ್ಕಾನೋ, ನೀವೇ ಬರ್ಕೊಳ್ಳಿ."

ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಮೇಡಂ ಇಷ್ಟು ವರ್ಷ ಅಚ್ಚು ಹಾಕಿಸಿದ ಸಾವಿರಾರು ಪ್ರಶ್ನಾವಳಿಗಳಲ್ಲಿ 'ಬಿಟ್ಟರು', 'ಬಿಡಲಿಲ್ಲ' ಎಂದು ಟಿಕ್ ಹಾಕುವ ಎರಡೇ ಮನೆಗಳಿದ್ದವು. ಈ ಮಾತಿಗೆ ಕೂರಲು ಜಾಗವಿರಲಿಲ್ಲ.

ಅವರು ಟೈಲರಮ್ಮನ ಫೋನಿನಿಂದಲೇ ಹುಡುಗಿಗೆ ಕರೆ ಮಾಡಿ, ತಾವು ಯಾರೆಂದು ಹೇಳಿದರು.

"ಪುಸ್ತಕ ತಪ್ಪು ಅಂತೀರಾ ಮೇಡಂ?" ಎಂದಳು ಹುಡುಗಿ.

"ನಾನು ಕೇಳಿದ ರೀತಿ ತಪ್ಪು. ನಿಜ ಯಾವುದು ಅಂತ ನನಗೂ ಗೊತ್ತಾಗ್ತಿಲ್ಲಮ್ಮ. ನಿಮ್ಮಪ್ಪನ್ನ ಮಾತ್ರ ಇವತ್ತಿನವರೆಗೂ ಯಾರೂ ಕೇಳಿರಲಿಲ್ಲ. ನಾನೂ, ನೀನೂ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಅಲ್ಲೇ ಇದ್ದಾರಾ?"

"ಇದ್ದಾರೆ."

"ಅಪ್ಪಂಗೆ ಕೊಡಿ."

ಅವನು ಹೆಲ್ಮೆಟ್ಟನ್ನು ಹೆಂಡತಿಯ ಕೈಗಿತ್ತು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ಹಿಡಿದ. ಮೂರು ತಿಂಗಳು ಕೂಡಿಟ್ಟ ಮಾತೆಲ್ಲ ಈಗ ಹೊರಬರುತ್ತದೆಂದು ಇಬ್ಬರು ಹೆಂಗಸರೂ ಕಾದರು.

"ಊಟ ಆಯ್ತೇನಮ್ಮ?" ಎಂದ ಅವನು.